ನಿರ್ಬಂಧ ಓನರ್‌ಗೆ, ಬೀಗ ಕ್ಲಬ್‌ಗೆ: 2022ರಲ್ಲಿ ಚೆಲ್ಸಿಗೆ ಆಗಿದ್ದೇನು?

2022ರ ಮಾರ್ಚ್ 10, ಗುರುವಾರ. ರಷ್ಯಾ ಉಕ್ರೇನಿಗೆ ನುಗ್ಗಿ ಎರಡು ವಾರವಾಗಿತ್ತು. ಬೆಳಗ್ಗೆ ಬ್ರಿಟನ್ ಸರ್ಕಾರ ರಷ್ಯಾದ ಏಳು ಜನ ಪ್ರಭಾವಿಗಳ ಆಸ್ತಿಯನ್ನು ತಡೆಹಿಡಿಯಿತು. ಆ ಪಟ್ಟಿಯಲ್ಲಿ ಲಂಡನ್ನಿನ ಚೆಲ್ಸಿ ಫುಟ್‌ಬಾಲ್ ಕ್ಲಬ್ಬಿನ ಮಾಲೀಕ ರೋಮನ್ ಅಬ್ರಮೊವಿಚ್ ಹೆಸರೂ ಇತ್ತು. ಅವತ್ತೇ ರಾತ್ರಿ ಚೆಲ್ಸಿಗೆ ನಾರ್ವಿಚ್‌ನಲ್ಲಿ ಲೀಗ್ ಮ್ಯಾಚ್. ತಂಡ ಹೋಯಿತು, ಆಡಿತು, 3-1ರಲ್ಲಿ ಗೆದ್ದೂ ಬಂತು. ಜೆರ್ಸಿಯ ಪ್ರಾಯೋಜಕ, ತ್ರೀ ಎಂಬ ಮೊಬೈಲ್ ಕಂಪನಿ, ನಮ್ಮ ಹೆಸರು ತೆಗೀರಿ ಎಂದು ಅದೇ ದಿನ ಕೇಳಿತ್ತು. ಹೊಸ ಜೆರ್ಸಿ ಹೊಲಿಸಲು ಟೈಮ್ ಎಲ್ಲಿತ್ತು? ಲೋಗೋ ಎದೆ ಮೇಲೆ ಇದ್ದ ಹಾಗೇ ಆಡಿದರು.

ಯುರೋಪಿನ ಮ್ಯಾಚ್‌ಗಾಗಿ ರಾತ್ರಿ ಒಂದೂವರೆಗೆ ಅಲಾರಂ ಇಟ್ಟು ಏಳುವ ನಮ್ಮಂಥವರಿಗೆ ಆ ವಾರ ತಲೆ ಕೆಟ್ಟಂತಾಗಿತ್ತು. ತಂಡ ಯುರೋಪಿನ ಅತಿದೊಡ್ಡ ಕ್ಲಬ್ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಆಗಿನ ಹಾಲಿ ವಿಜೇತ. ಸಾಲ ತೀರಿಸದೆ ಸಿಕ್ಕಿಬಿದ್ದಿಲ್ಲ, ಮ್ಯಾಚ್ ಫಿಕ್ಸ್ ಮಾಡಿಲ್ಲ. ಆದರೂ ಒಂದು ಟಿಕೆಟ್ ಮಾರುವ ಹಾಗಿಲ್ಲ, ಒಂದು ಶಾಲು ಮಾರುವ ಹಾಗಿಲ್ಲ. ಪುಟಿನ್ ಜೊತೆಗಿನ ನಂಟಿನ ಆರೋಪ ಇರೋದು ಒಬ್ಬ ಮನುಷ್ಯನ ಮೇಲೆ. ಶಿಕ್ಷೆ ಯಾಕೆ ಇಡೀ ಕ್ಲಬ್‌ಗೆ? ಈ ಜಗಳ ಇವತ್ತಿಗೂ ಮುಗಿದಿಲ್ಲ. ಹಾಗಾಗಿ ಮೊದಲು ಕಾನೂನು ಹೇಗೆ ಕೆಲಸ ಮಾಡುತ್ತೆ ಅಂತ ನೋಡೋಣ.

ತಡೆ ಬೇರೆ, ಜಪ್ತಿ ಬೇರೆ

ಬ್ರಿಟನ್ ಸರ್ಕಾರ ಚೆಲ್ಸಿಯನ್ನು ಕಿತ್ತುಕೊಳ್ಳಲಿಲ್ಲ. ಇದನ್ನು ಬಹಳ ಜನ ತಪ್ಪು ತಿಳಿದಿದ್ದಾರೆ. ನಿರ್ಬಂಧದ ಪಟ್ಟಿಗೆ ಸೇರಿದವನ ಆಸ್ತಿ ಅವನ ಹೆಸರಲ್ಲೇ ಇರುತ್ತೆ. ಆದರೆ ಅವನು ಅದನ್ನು ಮಾರುವಂತಿಲ್ಲ, ಅದರಿಂದ ಬರುವ ದುಡ್ಡು ಮುಟ್ಟುವಂತಿಲ್ಲ. ಬೇರೆಯವರೂ ಅವನಿಗೆ ಹಣ ಕೊಡುವಂತಿಲ್ಲ. 2018ರಲ್ಲಿ ಬಂದ ನಿರ್ಬಂಧ ಕಾಯ್ದೆಯಡಿ ಇದನ್ನೆಲ್ಲ ಬ್ರಿಟನ್ನಿನ ಖಜಾನೆ ಇಲಾಖೆಯ ಒಂದು ಕಚೇರಿ ನೋಡಿಕೊಳ್ಳುತ್ತೆ.

ಕ್ಲಬ್ ಸಿಕ್ಕಿಬಿದ್ದಿದ್ದು ಇನ್ನೊಂದು ನಿಯಮದಿಂದ. ನಿರ್ಬಂಧಕ್ಕೆ ಒಳಗಾದವನಿಗೆ ಒಂದು ಕಂಪನಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲಿದ್ದರೆ, ಅಥವಾ ಅದರ ಹಿಡಿತ ಅವನ ಕೈಯಲ್ಲಿದ್ದರೆ, ಆ ಕಂಪನಿಯ ಆಸ್ತಿಯೂ ತಾನಾಗಿಯೇ ತಡೆಗೆ ಒಳಗಾಗುತ್ತೆ. ಅದಕ್ಕೆ ಬೇರೆ ಆದೇಶವೇ ಬೇಕಿಲ್ಲ. ಚೆಲ್ಸಿಯ ಮಾತೃಸಂಸ್ಥೆ ಫೋರ್ಡ್‌ಸ್ಟಾಮ್. ಅದು ಪೂರ್ತಿ ಅಬ್ರಮೊವಿಚ್ ಅವರದು. ಹೀಗಾಗಿ ಬೆಳಗ್ಗೆ ಪಟ್ಟಿ ಹೊರಬಿದ್ದ ಕ್ಷಣಕ್ಕೇ ಚೆಲ್ಸಿಯ ಬ್ಯಾಂಕ್ ಖಾತೆ, ಕ್ರೀಡಾಂಗಣದ ಹೋಟೆಲ್, ಆಟಗಾರರ ಗುತ್ತಿಗೆ, ಟಿಕೆಟ್ ಕೌಂಟರ್ ಎಲ್ಲವೂ ಕಾನೂನಿನ ಕಣ್ಣಿಗೆ ಅಬ್ರಮೊವಿಚ್ ಜೇಬಿನ ಹಣವಾಯಿತು. ಅಭಿಮಾನಿ ಟಿಕೆಟ್ ಕೊಂಡರೆ ಅದು ಅವರಿಗೆ ಹಣ ಕೊಟ್ಟಂತೆ.

ಅವರನ್ನು ಪಟ್ಟಿಗೆ ಸೇರಿಸಿದ್ದಕ್ಕೆ ಸರ್ಕಾರ ಕೊಟ್ಟ ಕಾರಣಗಳಲ್ಲಿ ಎರಡು ಮುಖ್ಯ. ಒಂದು, ಪುಟಿನ್ ಜೊತೆ ದಶಕಗಳ ಹತ್ತಿರದ ಸಂಬಂಧ. ಎರಡು, ಎವ್ರಾಜ್ ಎಂಬ ಉಕ್ಕಿನ ಕಂಪನಿ. ಅದರಲ್ಲಿ ಅವರಿಗೆ ದೊಡ್ಡ ಪಾಲಿತ್ತು. ಅದರ ಉಕ್ಕು ರಷ್ಯಾದ ಟ್ಯಾಂಕ್‌ಗಳಿಗೆ ಹೋಗಿರಬಹುದು ಎಂದು ಸರ್ಕಾರ ಹೇಳಿತು. ಕಂಪನಿ ಅದನ್ನು ಅಲ್ಲಗಳೆಯಿತು. ಪುಟಿನ್ ಜೊತೆ ಅಂಥ ನಂಟಿಲ್ಲ ಅಂತ ಅಬ್ರಮೊವಿಚ್ ಮೊದಲಿಂದಲೂ ಹೇಳುತ್ತಲೇ ಬಂದಿದ್ದಾರೆ. ಯುರೋಪಿಯನ್ ಒಕ್ಕೂಟವೂ ಮಾರ್ಚ್ 15ರಂದು ಅವರನ್ನು ತನ್ನ ಪಟ್ಟಿಗೆ ಹಾಕಿತು. ಅದರ ವಿರುದ್ಧ ಅವರು ಹೂಡಿದ ದಾವೆಯನ್ನು ಯುರೋಪಿನ ಜನರಲ್ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ತಳ್ಳಿಹಾಕಿತು. ಅಮೆರಿಕ ಮಾತ್ರ ಅವರ ಗೋಜಿಗೆ ಹೋಗಲಿಲ್ಲ. ಆ ಮಾರ್ಚ್ ಕೊನೆಗೆ ಇಸ್ತಾಂಬುಲ್‌ನಲ್ಲಿ ರಷ್ಯಾ-ಉಕ್ರೇನ್ ಸಂಧಾನ ಮಾತುಕತೆ ನಡೆದಾಗ ಅವರು ಆ ಕೋಣೆಯಲ್ಲೇ ಕೂತಿದ್ದರು. ಈ ಮನುಷ್ಯನ ಕಥೆ ಸಲೀಸಾಗಿ ಒಂದೇ ಖಾನೆಗೆ ಕೂರುವಂಥದ್ದಲ್ಲ.

ಮೊದಲೇ ವಾಸನೆ ಹತ್ತಿತ್ತು

ಫೆಬ್ರವರಿ 12ರಂದು ಅಬುಧಾಬಿಯಲ್ಲಿ ಚೆಲ್ಸಿ ಕ್ಲಬ್ ವಿಶ್ವಕಪ್ ಗೆದ್ದಿತು. ಅಬ್ರಮೊವಿಚ್ ಮೈದಾನಕ್ಕೇ ಇಳಿದು ಕಪ್ ಹಿಡಿದರು. 2003ರಲ್ಲಿ ಅವರು ಸುಮಾರು 14 ಕೋಟಿ ಪೌಂಡ್‌ಗೆ, ಸಾಲವೂ ಸೇರಿ, ಕೊಂಡಾಗ ಆ ಕ್ಲಬ್ ಲೀಗ್ ಗೆದ್ದಿದ್ದೇ ಒಂದು ಸಲ, ಅದೂ 1955ರಲ್ಲಿ. ಇವರ ಕಾಲದಲ್ಲಿ ಐದು ಪ್ರೀಮಿಯರ್ ಲೀಗ್, ಎರಡು ಚಾಂಪಿಯನ್ಸ್ ಲೀಗ್. ಅಭಿಮಾನಿಗಳು ‘ರೋಮನ್ ಎಂಪೈರ್’ ಅಂತ ಬ್ಯಾನರ್ ಕಟ್ಟಿದ್ದು ಸುಮ್ನೆ ಅಲ್ಲ.

ಹನ್ನೆರಡು ದಿನ ಕಳೆಯಿತು. ಫೆಬ್ರವರಿ 24ಕ್ಕೆ ರಷ್ಯಾ ಉಕ್ರೇನಿಗೆ ನುಗ್ಗಿತು. 26ಕ್ಕೆ ಅಬ್ರಮೊವಿಚ್, ಕ್ಲಬ್ಬಿನ ಉಸ್ತುವಾರಿಯನ್ನು ಚೆಲ್ಸಿಯ ದತ್ತಿ ಸಂಸ್ಥೆಯ ಟ್ರಸ್ಟಿಗಳಿಗೆ ಕೊಡುತ್ತೇನೆ ಎಂದರು. ಮಾಲೀಕತ್ವ ಬಿಡುತ್ತೇನೆ ಎನ್ನಲಿಲ್ಲ, ಗಮನಿಸಿ. ಇದೇನಿದು ಅಂತ ಟ್ರಸ್ಟಿಗಳೇ ಗಲಿಬಿಲಿಗೊಂಡರು. ವಿಷಯ ಬ್ರಿಟನ್ನಿನ ದತ್ತಿ ಆಯೋಗದ ಮುಂದೆ ಹೋಯಿತು. ಮಾರ್ಚ್ 2ರ ಸಂಜೆ, ತಂಡ ಲೂಟನ್‌ನಲ್ಲಿ ಎಫ್‌ಎ ಕಪ್ ಎಂಬ ಇಂಗ್ಲೆಂಡಿನ ಟೂರ್ನಿಯ ಮ್ಯಾಚ್‌ಗೆ ಇಳಿಯುವ ಸ್ವಲ್ಪ ಮುಂಚೆ, ಕೊನೆಗೂ ನೇರ ಮಾತು ಬಂತು: ಕ್ಲಬ್ ಮಾರುತ್ತೇನೆ, ಕೊಟ್ಟ ಸಾಲ ವಾಪಸ್ ಕೇಳಲ್ಲ, ಮಾರಿ ಬಂದ ನಿವ್ವಳ ಹಣ ಉಕ್ರೇನ್ ಯುದ್ಧದ ಎಲ್ಲ ಸಂತ್ರಸ್ತರಿಗೆ.

ಮೂರು ದಿನ ಬಿಟ್ಟು ಬರ್ನ್‌ಲಿಯಲ್ಲಿ ಪಂದ್ಯ. ಶುರುವಾಗುವ ಮುಂಚೆ ಉಕ್ರೇನಿಗೆ ಬೆಂಬಲವಾಗಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ಚೆಲ್ಸಿ ಸ್ಟ್ಯಾಂಡ್‌ನಿಂದ ಅಬ್ರಮೊವಿಚ್ ಹೆಸರು ಕೂಗಿ ಕೇಳಿತು. ಕೋಚ್ ಥಾಮಸ್ ಟುಖೆಲ್ ಮುಲಾಜಿಲ್ಲದೆ ಹೇಳಿದರು: ಇದು ಅದಕ್ಕೆ ಸಮಯ ಅಲ್ಲ. ತಮ್ಮದೇ ಅಭಿಮಾನಿಗಳಿಗೆ ಹಾಗೆ ಹೇಳೋದು ಸುಲಭ ಅಲ್ಲ. ಆ ಇಡೀ ಗಲಾಟೆಯಲ್ಲಿ ನನಗೆ ಮೆಚ್ಚುಗೆಯಾದ ಒಬ್ಬನೇ ಮನುಷ್ಯ ಅಂದ್ರೆ ಟುಖೆಲ್. ಮಾಲೀಕ ಬಾಯಿ ಬಿಡಲ್ಲ, ಕ್ಲಬ್ಬಿನ ದೊಡ್ಡವರೂ ಬಿಡಲ್ಲ. ಪ್ರತಿ ಪ್ರೆಸ್ ಮೀಟ್‌ನಲ್ಲೂ ಯುದ್ಧದ ಪ್ರಶ್ನೆಗೆ ಉತ್ತರ ಕೊಡಲು ಕೂರುತ್ತಿದ್ದವರು ಇವರೊಬ್ಬರೇ.

ಲೈಸೆನ್ಸಿನ ಮೇಲೆ ನಡೆದ ಕ್ಲಬ್

ತಡೆಯನ್ನು ಅಕ್ಷರಶಃ ಜಾರಿ ಮಾಡಿದ್ದರೆ ಚೆಲ್ಸಿ ಮರುದಿನವೇ ನಿಲ್ಲುತ್ತಿತ್ತು. ಸಂಬಳ ಕೊಡುವ ಹಾಗಿಲ್ಲ, ಬಸ್ಸಿಗೆ ಡೀಸೆಲ್ ಹಾಕಿಸುವ ಹಾಗಿಲ್ಲ. ಲೀಗ್ ಅರ್ಧಕ್ಕೆ ಕೆಡುತ್ತಿತ್ತು. ಹಾಗಾಗಿ ಸರ್ಕಾರ ಪಟ್ಟಿಯ ಜೊತೆಗೇ ಒಂದು ವಿಶೇಷ ಲೈಸೆನ್ಸ್ ಕೊಟ್ಟಿತು, ಮೇ 31ರವರೆಗೆ. ಹೋಟೆಲಿಗೆ ಬೀಗ ಜಡಿಯಲು ಬಂದ ಅಧಿಕಾರಿ, ಕೂತವರು ಊಟ ಮುಗಿಸಲಿ, ಹೊಸಬರನ್ನು ಒಳಗೆ ಬಿಡಬೇಡಿ, ಗಲ್ಲಾಪೆಟ್ಟಿಗೆ ಮುಟ್ಟಬೇಡಿ ಅಂದ ಹಾಗೆ.

ಆ ಲೈಸೆನ್ಸಿನ ವಿವರ ಓದುವಾಗ ಒಂಥರಾ ಮಜಾ ಬರುತ್ತೆ. ಫುಟ್‌ಬಾಲ್ ಕ್ಲಬ್ಬಿನ ಬದುಕನ್ನು ಸರ್ಕಾರಿ ಗುಮಾಸ್ತರು ಸಾಲು ಸಾಲಾಗಿ ಬರೆದಿಟ್ಟಿದ್ದಾರೆ. ಸೀಸನ್ ಟಿಕೆಟ್ ಇದ್ದವರು, ಮಾರ್ಚ್ 10ಕ್ಕೆ ಮುಂಚೆ ಟಿಕೆಟ್ ಕೊಂಡವರು ಬರಬಹುದು. ಹೊಸ ಟಿಕೆಟ್ ಇಲ್ಲ. ತವರು ಕ್ರೀಡಾಂಗಣ ಸ್ಟ್ಯಾಂಫರ್ಡ್ ಬ್ರಿಡ್ಜ್‌ನ ಮೆಗಾಸ್ಟೋರ್ ಬಂದ್. ಬೇರೆ ಅಂಗಡಿಯವರು ಮುಂಚೆಯೇ ತರಿಸಿಟ್ಟ ಜೆರ್ಸಿ ಮಾರಿಕೊಳ್ಳಬಹುದು, ಆದರೆ ಕ್ಲಬ್‌ಗೆ ಪೈಸೆ ಹೋಗಬಾರದು. ಮ್ಯಾಚ್ ಟಿವಿಯಲ್ಲಿ ಬರಬಹುದು, ಆ ಹಣ ಖಾತೆಗೆ ಬಿದ್ದು ಅಲ್ಲೇ ಇರಬೇಕು. ಸಂಬಳ ಕೊಡಬಹುದು. ಹಳೆಯ ಟ್ರಾನ್ಸ್‌ಫರ್‌ಗಳ ಕಂತು ಕಟ್ಟಬಹುದು. ಹೊಸ ಆಟಗಾರರನ್ನು ಕೊಳ್ಳುವಂತಿಲ್ಲ, ಇರುವವರ ಗುತ್ತಿಗೆ ಮುಂದುವರಿಸುವಂತಿಲ್ಲ.

ತವರಿನಲ್ಲಿ ಒಂದು ಮ್ಯಾಚ್ ನಡೆಸಲು ಮೊದಲು 5 ಲಕ್ಷ ಪೌಂಡ್ ಮಿತಿ ಇಟ್ಟರು. ಭದ್ರತೆಗೆ, ಸಿಬ್ಬಂದಿಗೆ ಅದು ಸಾಲದು ಅಂತ ಗೊತ್ತಾಗಿ ಎರಡೇ ದಿನಕ್ಕೆ 9 ಲಕ್ಷ ಮಾಡಿದರು. ಹೊರಗಡೆ ಮ್ಯಾಚ್‌ಗೆ ಹೋಗಿಬರಲು 20 ಸಾವಿರ ಪೌಂಡ್. ಆಗಿನ ಲೆಕ್ಕದಲ್ಲಿ ಸುಮಾರು 20 ಲಕ್ಷ ರೂಪಾಯಿ. ನಮಗೆ ಕೇಳಲು ಜಾಸ್ತಿ ಅನ್ನಿಸುತ್ತೆ. ಒಂದು ಇಡೀ ತಂಡ, ವೈದ್ಯರು, ಸಾಮಾನು ಸರಂಜಾಮು, ಬಾಡಿಗೆ ವಿಮಾನ, ಹೋಟೆಲ್ ಅಂತ ಯುರೋಪಿನಲ್ಲಿ ಲೆಕ್ಕ ಹಾಕಿದರೆ ಏನೇನೂ ಅಲ್ಲ. ಇದರ ಮಧ್ಯೆ ಬ್ಯಾಂಕ್ ಬೇರೆ ಕ್ಲಬ್ಬಿನ ಕ್ರೆಡಿಟ್ ಕಾರ್ಡ್‌ಗಳನ್ನು ಕೆಲ ಕಾಲ ನಿಲ್ಲಿಸಿತು.

ಪೇಚಾಟ ಚೆನ್ನಾಗಿ ಕಂಡಿದ್ದು ಚಾಂಪಿಯನ್ಸ್ ಲೀಗ್‌ನಲ್ಲಿ. ಮಾರ್ಚ್ 16ಕ್ಕೆ ಫ್ರಾನ್ಸಿನ ಲಿಲ್‌ನಲ್ಲಿ 16 ತಂಡಗಳ ಸುತ್ತಿನ ಎರಡನೇ ಪಂದ್ಯ. ಹೋಗೋದು ಹೇಗೆ ಅಂತ ಪತ್ರಕರ್ತರು ಕೇಳಿದರೆ, ವಿಮಾನ ಇಲ್ಲದಿದ್ದರೆ ರೈಲು, ರೈಲಿಲ್ಲದಿದ್ದರೆ ಬಸ್ಸು, ಅದೂ ಇಲ್ಲದಿದ್ದರೆ ಏಳು ಸೀಟಿನ ಗಾಡಿ ತಂದು ನಾನೇ ಓಡಿಸ್ತೀನಿ ಎಂಬರ್ಥದಲ್ಲಿ ಟುಖೆಲ್ ನಕ್ಕರು. ಕೊನೆಗೆ ಗಾಡಿ ಓಡಿಸುವ ಪರಿಸ್ಥಿತಿ ಬರಲಿಲ್ಲ. 2-1ರಲ್ಲಿ ಗೆದ್ದು, ಎರಡೂ ಪಂದ್ಯ ಸೇರಿ 4-1ರಲ್ಲಿ ಮುಂದಿನ ಸುತ್ತಿಗೆ ಹೋದರು.

ಅದೇ ವಾರ ಕ್ಲಬ್ ಒಂದು ಎಡವಟ್ಟನ್ನೂ ಮಾಡಿಕೊಂಡಿತು. ಎಫ್‌ಎ ಕಪ್ ಕ್ವಾರ್ಟರ್ ಫೈನಲ್ ಮಿಡಲ್ಸ್‌ಬರೋದಲ್ಲಿ. ನಮ್ಮವರಿಗೆ ಟಿಕೆಟ್ ಕೊಳ್ಳಲು ಆಗುತ್ತಿಲ್ಲ, ಹಾಗಾಗಿ ಕ್ರೀಡೆಯ ನ್ಯಾಯ ಉಳಿಯಬೇಕಾದರೆ ಪ್ರೇಕ್ಷಕರೇ ಇಲ್ಲದೆ ಆಡಿಸಿ ಎಂದು ಚೆಲ್ಸಿ ಕೇಳಿತು! ಅಂದರೆ ಆ ಊರಿನವರೂ ಮನೆಯಲ್ಲೇ ಕೂರಬೇಕು. ಮಿಡಲ್ಸ್‌ಬರೋ ಅಧ್ಯಕ್ಷ ಸ್ಟೀವ್ ಗಿಬ್ಸನ್, ನ್ಯಾಯದ ಮಾತೂ ಚೆಲ್ಸಿಯೂ ಒಂದೇ ವಾಕ್ಯದಲ್ಲಿ ಬರೋ ಹಾಗಿಲ್ಲ ಅನ್ನೋ ಧಾಟಿಯಲ್ಲಿ ಜಾಡಿಸಿದರು. ಸಂಜೆಯೊಳಗೆ ಮನವಿ ವಾಪಸ್. ಅಲ್ಲಿಯವರೆಗೆ ಪಾಪ ಅಂತಿದ್ದ ಬೇರೆ ಕ್ಲಬ್ಬಿನ ಅಭಿಮಾನಿಗಳೂ ಅವತ್ತು ಸಿಟ್ಟಾದರು. ತಪ್ಪೇನಿಲ್ಲ ಬಿಡಿ.

ಮಾರ್ಚ್ 23ಕ್ಕೆ ಲೈಸೆನ್ಸ್ ಸಡಿಲಾಯಿತು. ಹೊರಗಡೆ ಮ್ಯಾಚ್, ಕಪ್ ಪಂದ್ಯ, ಚಾಂಪಿಯನ್ಸ್ ಲೀಗ್, ಮಹಿಳಾ ತಂಡದ ಪಂದ್ಯಗಳಿಗೆ ಟಿಕೆಟ್ ಮಾರಬಹುದು, ಆದರೆ ಆ ಹಣ ಚೆಲ್ಸಿಗೆ ಸೇರಬಾರದು ಎಂಬ ಷರತ್ತು. ಹೀಗೆ ಏಪ್ರಿಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಬಂದಾಗ ಸ್ಟ್ಯಾಂಡ್ ತುಂಬಿತ್ತು. ತುಂಬಿದ ಸ್ಟ್ಯಾಂಡ್ ಮುಂದೆ ಬೆಂಜೆಮಾ ಹ್ಯಾಟ್ರಿಕ್ ಹೊಡೆದರು, ಚೆಲ್ಸಿ 1-3ರಲ್ಲಿ ಸೋತಿತು. ಮ್ಯಾಡ್ರಿಡ್‌ನಲ್ಲಿ ನಡೆದ ಎರಡನೇ ಪಂದ್ಯದಲ್ಲಿ ಚೆಲ್ಸಿ 3-0 ಮುಂದಿತ್ತು. ಆಗ ಮೊಡ್ರಿಚ್ ಪಾದದ ಹೊರಬದಿಯಿಂದ ಒಂದು ಪಾಸ್ ಕೊಟ್ಟರು, ರೊಡ್ರಿಗೊ ಗೋಲು ಹೊಡೆದರು, ಹೆಚ್ಚುವರಿ ಸಮಯದಲ್ಲಿ ಮತ್ತೆ ಬೆಂಜೆಮಾ. ಒಟ್ಟು 5-4, ಚೆಲ್ಸಿ ಹೊರಗೆ. ನಿರ್ಬಂಧಕ್ಕೂ ಈ ಸೋಲಿಗೂ ಸಂಬಂಧ ಹುಡುಕುವವರು ಮೊಡ್ರಿಚ್ ಕೊಟ್ಟ ಆ ಪಾಸ್ ಇನ್ನೊಮ್ಮೆ ನೋಡಲಿ.

ಆದರೆ ಗುತ್ತಿಗೆ ವಿಷಯದಲ್ಲಿ ಪೆಟ್ಟು ನಿಜವಾಗಿಯೂ ಬಿತ್ತು. ಡಿಫೆಂಡರ್‌ಗಳಾದ ರೂಡಿಗರ್ ಮತ್ತು ಕ್ರಿಸ್ಟೆನ್ಸನ್ ಗುತ್ತಿಗೆ ಆ ಬೇಸಿಗೆಗೆ ಮುಗಿಯುತ್ತಿತ್ತು. ಕ್ಲಬ್ ಮಾತಾಡುವಂತೆಯೇ ಇರಲಿಲ್ಲ. ಒಬ್ಬರು ರಿಯಲ್ ಮ್ಯಾಡ್ರಿಡ್‌ಗೆ, ಇನ್ನೊಬ್ಬರು ಬಾರ್ಸಿಲೋನಾಗೆ, ಇಬ್ಬರೂ ಬಿಟ್ಟಿಯಾಗಿ ಹೋದರು.

ಹಾಗಾದ್ರೆ ನ್ಯೂಕ್ಯಾಸಲ್?

ಚೆಲ್ಸಿ ಅಭಿಮಾನಿಗಳು ಪದೇ ಪದೇ ಎತ್ತುವ ಪ್ರಶ್ನೆ ಇದು, ಮತ್ತು ಒಳ್ಳೆಯ ಪ್ರಶ್ನೆಯೇ. ನಿರ್ಬಂಧದ ನಂತರ ತವರಿನಲ್ಲಿ ಮೊದಲ ಪಂದ್ಯ ಮಾರ್ಚ್ 13ಕ್ಕೆ. ಎದುರಾಳಿ ನ್ಯೂಕ್ಯಾಸಲ್. ಆಗ ಅದರ ಶೇ 80 ಪಾಲು ಸೌದಿ ಅರೇಬಿಯಾದ ಸಾರ್ವಜನಿಕ ಹೂಡಿಕೆ ನಿಧಿಯದಾಗಿತ್ತು, 2021ರ ಅಕ್ಟೋಬರ್‌ನಲ್ಲಿ ಕೊಂಡಿದ್ದು. ಪಂದ್ಯದ ಹಿಂದಿನ ದಿನ ಸೌದಿ ಸರ್ಕಾರ ಒಂದೇ ದಿನ 81 ಜನರಿಗೆ ಮರಣದಂಡನೆ ಜಾರಿ ಮಾಡಿತ್ತು. ಯೆಮನ್‌ನಲ್ಲಿ ಅದರ ಯುದ್ಧ ಬೇರೆ ನಡೆದಿತ್ತು. ಒಂದು ಕ್ಲಬ್‌ಗೆ ಟಿಕೆಟ್ ಮಾರುವ ಹಕ್ಕಿಲ್ಲ, ಇನ್ನೊಂದಕ್ಕೆ ಹೊಸ ಆಟಗಾರರನ್ನು ಕೊಳ್ಳಲು ಕೋಟಿಗಟ್ಟಲೆ ದುಡ್ಡು.

ಇದು ಇಬ್ಬಗೆ ಅಲ್ವಾ ಅಂದ್ರೆ, ಹೌದು. ಆದರೆ ನಿರ್ಬಂಧ ಅನ್ನೋದು ಯಾರು ಒಳ್ಳೆಯವರು ಅಂತ ಅಳೆಯುವ ಪರೀಕ್ಷೆ ಅಲ್ಲವೇ ಅಲ್ಲ. ಅದು ಒಂದು ದೇಶದ ವಿದೇಶಾಂಗ ನೀತಿಯ ಉಪಕರಣ. ಬ್ರಿಟನ್ನಿಗೆ ರಷ್ಯಾ ಮೇಲೆ ಒತ್ತಡ ಹಾಕಬೇಕಿತ್ತು, ಹಾಕಿತು. ಸೌದಿ ಅದಕ್ಕೆ ಮಿತ್ರದೇಶ, ಆಯುಧ ಕೊಳ್ಳುವ ಗಿರಾಕಿ. ಒಳ್ಳೆಯ ಮಾಲೀಕನೋ ಅಲ್ಲವೋ ಅಂತ ನೋಡಬೇಕಾದ್ದು ಲೀಗ್‌ನ ಕೆಲಸ. ಪ್ರೀಮಿಯರ್ ಲೀಗ್‌ಗೆ ಮಾಲೀಕರ ಪರೀಕ್ಷೆ ಅಂತ ಒಂದಿದೆ. ಅದು ಅಬ್ರಮೊವಿಚ್‌ರನ್ನು ಅನರ್ಹ ಮಾಡಿದ್ದು ಮಾರ್ಚ್ 12ಕ್ಕೆ, ಸರ್ಕಾರ ಪಟ್ಟಿ ಹೊರಡಿಸಿದ ಎರಡು ದಿನದ ಮೇಲೆ. ಹತ್ತೊಂಬತ್ತು ವರ್ಷ ಕಾಣದ್ದು ಎರಡು ದಿನದಲ್ಲಿ ಕಂಡಿತು. 2025ರಲ್ಲಿ ಬ್ರಿಟನ್ ಸಂಸತ್ತು ಫುಟ್‌ಬಾಲ್‌ಗೇ ಒಂದು ಸ್ವತಂತ್ರ ನಿಯಂತ್ರಕ ಸಂಸ್ಥೆ ತರುವ ಕಾಯ್ದೆ ಮಾಡಿತು. ಮಾಲೀಕರನ್ನು ಪರೀಕ್ಷಿಸುವ ಅಧಿಕಾರ ಅದಕ್ಕೂ ಇದೆ.

ಇನ್ನೊಂದು ಗೊಂದಲವನ್ನೂ ಬಿಡಿಸಿಬಿಡೋಣ. ಅದೇ ದಿನಗಳಲ್ಲಿ ಸ್ಪಾರ್ಟಾಕ್ ಮಾಸ್ಕೋ ತಂಡವನ್ನು ಯುರೋಪಾ ಲೀಗ್‌ನಿಂದ ಹೊರಹಾಕಿ, ಎದುರಾಳಿ ಲೈಪ್‌ಜಿಗ್‌ಗೆ ಆಡದೆಯೇ ಕ್ವಾರ್ಟರ್ ಫೈನಲ್ ಕೊಟ್ಟರು. ಚಾಂಪಿಯನ್ಸ್ ಲೀಗ್ ಫೈನಲ್ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಪ್ಯಾರಿಸ್‌ಗೆ ಹೋಯಿತು. ರಷ್ಯಾದ ಗ್ಯಾಸ್ ಕಂಪನಿ ಗ್ಯಾಜ್‌ಪ್ರೋಮ್‌ನ ಪ್ರಾಯೋಜಕತ್ವ ರದ್ದಾಯಿತು. ಇವೆಲ್ಲ ಯುಇಎಫ್‌ಎ ತೀರ್ಮಾನಗಳು, ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ತೆಗೆದುಕೊಂಡದ್ದು. ಚೆಲ್ಸಿಯದು ಸರ್ಕಾರದ ತೀರ್ಮಾನ. ಯುಇಎಫ್‌ಎ ಚೆಲ್ಸಿಗೆ ಆಡಬೇಡ ಅನ್ನಲೇ ಇಲ್ಲ.

ಇಂಗ್ಲೆಂಡಿನ ಇನ್ನೊಂದು ಕ್ಲಬ್ ಎವರ್ಟನ್‌ನ ಕಥೆ ಇವೆರಡರ ನಡುವಿನದು. ಅಲ್ಲಿ ನಿರ್ಬಂಧ ಬಿದ್ದಿದ್ದು ರಷ್ಯಾದ ಉದ್ಯಮಿ ಅಲಿಶೇರ್ ಉಸ್ಮಾನೋವ್ ಮೇಲೆ. ಅವರು ಕ್ಲಬ್ಬಿನ ಮಾಲೀಕರಲ್ಲ, ಅವರ ಕಂಪನಿ ದೊಡ್ಡ ಪ್ರಾಯೋಜಕ. ಮಾಲೀಕ ಫರ್ಹಾದ್ ಮೊಶಿರಿ ಅವರ ಹಳೆಯ ಪಾಲುದಾರ, ಆದರೆ ಪಟ್ಟಿಯಲ್ಲಿಲ್ಲ. ಹಾಗಾಗಿ ಎವರ್ಟನ್‌ಗೆ ಬೀಗ ಬೀಳಲಿಲ್ಲ, ದುಡ್ಡು ಮಾತ್ರ ನಿಂತಿತು. ಅದೂ ಹೊಸ ಕ್ರೀಡಾಂಗಣ ಕಟ್ಟುತ್ತಿದ್ದ ಹೊತ್ತಿನಲ್ಲಿ. ಅಲ್ಲಿಂದ ಎರಡೂ ಮುಕ್ಕಾಲು ವರ್ಷ ಒದ್ದಾಡಿ, 2024ರ ಡಿಸೆಂಬರ್‌ನಲ್ಲಿ ಕ್ಲಬ್ ಅಮೆರಿಕದ ಫ್ರೀಡ್ಕಿನ್ ಗುಂಪಿನ ಕೈಗೆ ಹೋಯಿತು.

ಮಾರಾಟ, ಮತ್ತು ಮಾರಾಟಕ್ಕಿಲ್ಲದ ನೆಲ

ಚೆಲ್ಸಿ ಮಾರಲು ಕೂಡ ಸರ್ಕಾರದ ಲೈಸೆನ್ಸ್ ಬೇಕಿತ್ತು. ಅಬ್ರಮೊವಿಚ್‌ಗೆ ಪೋರ್ಚುಗಲ್ ಪೌರತ್ವವೂ ಇದ್ದದ್ದರಿಂದ ಆ ದೇಶದ ಒಪ್ಪಿಗೆಯೂ ಬೇಕಾಯಿತು. ನ್ಯೂಯಾರ್ಕಿನ ರೇನ್ ಎಂಬ ಬ್ಯಾಂಕ್ ಹರಾಜು ನಡೆಸಿತು. ಕೊನೆಗೆ ಅಮೆರಿಕದ ಹೂಡಿಕೆದಾರ ಟಾಡ್ ಬೋಲಿ ಮತ್ತು ಕ್ಲಿಯರ್‌ಲೇಕ್ ಎಂಬ ಹೂಡಿಕೆ ಸಂಸ್ಥೆಯ ಗುಂಪು 425 ಕೋಟಿ ಪೌಂಡ್‌ಗೆ ಗೆದ್ದಿತು. ಇದರಲ್ಲಿ 250 ಕೋಟಿ ಷೇರಿಗೆ, ಉಳಿದ 175 ಕೋಟಿ ಮುಂದೆ ಕ್ಲಬ್‌ಗೆ ಹಾಕುತ್ತೇವೆ ಎಂಬ ವಾಗ್ದಾನ. ಮೇ 30ಕ್ಕೆ ವ್ಯವಹಾರ ಮುಗಿಯಿತು, ಲೈಸೆನ್ಸ್ ಅವಧಿ ತೀರಲು ಒಂದೇ ದಿನ ಇತ್ತು.

ಇಷ್ಟು ದೊಡ್ಡ ಮೊತ್ತ ಕೊಟ್ಟರೂ ಕೊಂಡವರಿಗೆ ಸ್ಟ್ಯಾಂಫರ್ಡ್ ಬ್ರಿಡ್ಜ್‌ನ ಆಟದ ನೆಲ ಸಿಗಲಿಲ್ಲ. ಆ ನೆಲ, ‘ಚೆಲ್ಸಿ ಫುಟ್‌ಬಾಲ್ ಕ್ಲಬ್’ ಎಂಬ ಹೆಸರು, ಎರಡೂ ಚೆಲ್ಸಿ ಪಿಚ್ ಓನರ್ಸ್ ಎಂಬ ಅಭಿಮಾನಿಗಳ ಕಂಪನಿಯದು. ಬಿಲ್ಡರ್‌ಗಳು ಮೈದಾನ ನುಂಗದಿರಲಿ ಅಂತ 1993ರಲ್ಲಿ ಶುರುವಾಗಿದ್ದು. ಯಾರು ಬೇಕಾದರೂ ಷೇರು ಕೊಳ್ಳಬಹುದು, ಎಷ್ಟೇ ಷೇರಿದ್ದರೂ ವೋಟಿಗೆ ಮಿತಿ ಇದೆ. 2011ರಲ್ಲಿ ಆ ನೆಲವನ್ನು ವಾಪಸ್ ಕೊಳ್ಳಲು ಅಬ್ರಮೊವಿಚ್ ಕಾಲದ ಆಡಳಿತ ಕೇಳಿದಾಗ ಷೇರುದಾರರು ಒಪ್ಪಲಿಲ್ಲ. ಅವರನ್ನು ಹಾಡಿ ಹೊಗಳುತ್ತಿದ್ದವರೇ ಇದೊಂದು ಮಾತ್ರ ಬಿಟ್ಟುಕೊಡಲಿಲ್ಲ. ನಿರ್ಬಂಧದ ಕಾಲದಲ್ಲಿ ಅಬ್ರಮೊವಿಚ್ ಕೈಗೆ ಸೇರದೆ ಉಳಿದಿದ್ದ ಚೆಲ್ಸಿ ಅಂದ್ರೆ ಇಷ್ಟೇ.

ಆ 250 ಕೋಟಿ ಎಲ್ಲಿದೆ?

ಆಟ ಮುಗಿದು ಜಗಳ ಉಳಿದಿದ್ದು ಇಲ್ಲಿ. ಷೇರಿನ 250 ಕೋಟಿ ಪೌಂಡ್ ಬ್ರಿಟನ್ನಿನ ಒಂದು ಬ್ಯಾಂಕ್ ಖಾತೆಯಲ್ಲಿ, ತಡೆಯಲ್ಲಿ, ಕೂತಿತು. ಕಾನೂನಿನ ಪ್ರಕಾರ ಅದು ಅಬ್ರಮೊವಿಚ್ ಕಂಪನಿಯ ಹಣವೇ. ಸರ್ಕಾರ ಎತ್ತಿಕೊಳ್ಳುವ ಹಾಗಿಲ್ಲ, ಅವರು ಸಹಿ ಹಾಕದೆ ಹೊರಗೂ ಹೋಗಲ್ಲ. ಹಣ ಉಕ್ರೇನ್ ಒಳಗಿನ ನೆರವಿಗೇ ಹೋಗಬೇಕು ಅಂತ ಸರ್ಕಾರ ಹಟ ಹಿಡಿಯಿತು. ನಾನು ಹೇಳಿದ್ದು ಎಲ್ಲ ಸಂತ್ರಸ್ತರಿಗೆ ಅಂತ ಅಬ್ರಮೊವಿಚ್ ಕಡೆಯವರು. ಎಲ್ಲ ಅಂದರೆ ಯುದ್ಧಕ್ಕೆ ಬಂದ ರಷ್ಯಾದವರ ಮನೆಯವರೂ ಸೇರುತ್ತಾರಾ ಎಂಬುದು ಇದರ ಒಳಗಿರುವ ಮುಳ್ಳು. ಹೀಗೆ ಮೂರು ವರ್ಷಕ್ಕೂ ಜಾಸ್ತಿ ಕಳೆಯಿತು, ಅಷ್ಟು ಕಾಲವೂ ಯುದ್ಧ ನಡೆದೇ ಇತ್ತು.

2025ರ ಡಿಸೆಂಬರ್‌ನಲ್ಲಿ ಪ್ರಧಾನಿ ಕಿಯರ್ ಸ್ಟಾರ್ಮರ್ ಸಂಸತ್ತಿನಲ್ಲಿ ನಿಂತು, ಹಣ ಬಿಡುಗಡೆಗೆ ಲೈಸೆನ್ಸ್ ಕೊಟ್ಟಿದ್ದೇವೆ, ಅಬ್ರಮೊವಿಚ್ ಮಾತು ಉಳಿಸಿಕೊಳ್ಳಲಿ, ಇಲ್ಲದಿದ್ದರೆ ಕೋರ್ಟಿಗೆ ಹೋಗುತ್ತೇವೆ ಎಂದರು. ಷರತ್ತು ಹೀಗಿತ್ತು: ಮೂಲ ಹಣ ಉಕ್ರೇನಿನ ಮಾನವೀಯ ನೆರವಿಗೆ, ಮುಂದೆ ಅದರಿಂದ ಹುಟ್ಟುವ ಗಳಿಕೆ ಮಾತ್ರ ಬೇರೆಡೆಯ ಯುದ್ಧ ಸಂತ್ರಸ್ತರಿಗೂ ಹೋಗಬಹುದು, ಅಬ್ರಮೊವಿಚ್‌ಗೆ ಏನೂ ಸೇರಬಾರದು. ಇದರ ಜೊತೆಗೆ ಹಳೆಯ ಸಾಲದ ಲೆಕ್ಕ ಬೇರೆ ಇದೆ. ಫೋರ್ಡ್‌ಸ್ಟಾಮ್‌ಗೆ ಬಂದಿದ್ದ ಸುಮಾರು 150 ಕೋಟಿ ಪೌಂಡ್ ಸಾಲ ಕಾಗದದ ಮೇಲೆ ಅಬ್ರಮೊವಿಚ್ ಹೆಸರಲ್ಲಿರಲಿಲ್ಲ, ಕ್ಯಾಂಬರ್ಲಿ ಎಂಬ ಇನ್ನೊಂದು ಕಂಪನಿಯದಾಗಿತ್ತು. ವಾಪಸ್ ಕೇಳಲ್ಲ ಎಂದು 2022ರಲ್ಲಿ ಅವರು ಹೇಳಿದ್ದು ಇದೇ ಸಾಲವನ್ನು. ದತ್ತಿಗೆ ಹೋಗಬೇಕಾದ್ದು ‘ನಿವ್ವಳ’ ಹಣ ತಾನೇ? ಆ ಸಾಲ ಕಳೆದರೆ ನಿವ್ವಳ ಒಂದು, ಕಳೆಯದಿದ್ದರೆ ಇನ್ನೊಂದು.